ಇಳಿಜಾರಿನಲ್ಲಿ ಬ್ರೇಕ್ ಮೆತ್ತಗಾಯಿತು, ಬಲಗಡೆ ಗಾಲಿ ಸುಡುತ್ತಿತ್ತು. ಕ್ಯಾಲಿಪರ್ ಹೊಸದೇ ಹಾಕಬೇಕಾ?

ಕೆಂಪುಧೂಳು (ಬಳ್ಳಾರಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಗಾಡಿ 2014ರ ಡೀಸೆಲ್ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ (ಜೋರಾಗಿ ಒತ್ತಿದಾಗ ಗಾಲಿ ಲಾಕ್ ಆಗದಂತೆ ನೋಡುವುದು) ಇದೆ. 1,12,000 ಕಿಮೀ ಓಡಿದೆ. ನಾನು ಎರಡನೇ ಮಾಲೀಕ, ಮೂರು ವರ್ಷದ ಹಿಂದೆ ತಗೊಂಡೆ. ಮನೆ ಕೌಲ್ ಬಜಾರ್ ಕಡೆ, ಕೆಲಸ ತೋರಣಗಲ್ಲಿನಲ್ಲಿ. ದಿನಾ ಹೋಗಿ ಬರುವುದು ಅದಿರು ಲಾರಿಗಳ ಹಿಂದೆ. ಆರ್‌ಸಿಯಲ್ಲಿ ಗಾಡಿ ಬಣ್ಣ ಬಿಳಿ ಅಂತ ಇದೆ, ನೋಡಿದವರು ಇಟ್ಟಿಗೆ ಬಣ್ಣ ಅಂತಾರೆ.

ಹೋದ ಭಾನುವಾರ ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೋಗಿದ್ದೆವು. ಒಳಗೆ ಐದು ಜನ, ಹೊರಗಿನ ಬಿಸಿಲು ನಿಮಗೆ ಗೊತ್ತೇ ಇದೆ. ಹತ್ತುವಾಗ ಏನೂ ತೊಂದರೆ ಇಲ್ಲ. ಇಳಿಯುವಾಗ ಮುಂದೆ ಒಂದು ಲಾರಿ ಸಿಕ್ಕಿತು, ಅದು ಆಮೆ ಥರ ಇಳಿಯುತ್ತಿತ್ತು, ಓವರ್‌ಟೇಕ್ ಮಾಡುವ ಜಾಗ ಅಲ್ಲ, ಹಾಗಾಗಿ ನಾನು ಮೂರನೇ ಗೇರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದೆ. ಅರ್ಧ ದಾರಿಗೆ ಪೆಡಲ್ ಮೆತ್ತಗಾಯಿತು. ಇನ್ನೊಂದು ತಿರುವಿಗೆ ಒತ್ತಿದರೆ ಹತ್ತಿ ಮೂಟೆ ಮೇಲೆ ಕಾಲಿಟ್ಟ ಹಾಗೆ ಕೆಳಗೆ ಹೋಯಿತು. ಪಟಪಟ ಅಂತ ನಾಲ್ಕು ಸಲ ಒತ್ತಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ಬದಿಗೆ ಹಾಕಿದೆ. ಹಿಂದಿನ ಸೀಟಿನಲ್ಲಿ ದೊಡ್ಡಪ್ಪ ದೇವರ ಹೆಸರನ್ನು ಬಾಯಿಬಿಟ್ಟು ಹೇಳುತ್ತಿದ್ದರು, ನಾನು ಮನಸ್ಸಿನಲ್ಲೇ ಹೇಳುತ್ತಿದ್ದೆ.

ಇಳಿದು ನೋಡಿದರೆ ಮುಂದಿನ ಬಲಗಡೆ ಗಾಲಿಯಿಂದ ಸುಟ್ಟ ವಾಸನೆ. ಹತ್ತಿರ ಕೈ ತರೋಕೂ ಆಗಲಿಲ್ಲ. ಎಡಗಡೆಯದೂ ಬಿಸಿ ಇತ್ತು, ಆದರೆ ಅಷ್ಟಿಲ್ಲ. ಮುಕ್ಕಾಲು ಗಂಟೆ ನಿಂತೆವು. ಆಮೇಲೆ ಪೆಡಲ್ ಒತ್ತಿ ನೋಡಿದೆ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಗಟ್ಟಿ!

ಮರುದಿನ ಒಂದು ಗ್ಯಾರೇಜಿಗೆ ಹೋದೆ. ಮುಂದಿನ ಎರಡೂ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತಿ ಹಿಡಿಯುವ ಭಾಗ), ಎರಡೂ ಡಿಸ್ಕ್, ಪ್ಯಾಡ್, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಗಾಲಿಗಳ ಕಡೆ ತಳ್ಳುವ ಭಾಗ), ಎಲ್ಲ ಸೇರಿ 19,500 ಅಂದರು. ಇನ್ನೊಂದು ಕಡೆ ತೋರಿಸಿದೆ. ಅವರು ಒಂದು ರೌಂಡ್ ಓಡಿಸಿ ಬಂದು "ಬ್ರೇಕ್ ಚೆನ್ನಾಗೇ ಇದೆಯಲ್ಲಾ" ಅಂದು ಕಳಿಸಿದರು. ಒಬ್ಬರಿಗೆ ಎಲ್ಲಾ ಹೋಗಿದೆ, ಇನ್ನೊಬ್ಬರಿಗೆ ಏನೂ ಆಗಿಲ್ಲ. ಯಾರನ್ನು ನಂಬಲಿ?

ಬ್ರೇಕ್ ಆಯಿಲ್ ಡಬ್ಬಿ ನೋಡಿದೆ. ಮಟ್ಟ ಸರಿ ಇದೆ, ಬಣ್ಣ ಮಾತ್ರ ಹಾಲಿಲ್ಲದ ಚಹಾ. ಹಳೇ ಮಾಲೀಕರು ಯಾವಾಗ ಬದಲಿಸಿದ್ದರೋ ಗೊತ್ತಿಲ್ಲ, ನಾನಂತೂ ಮುಟ್ಟಿಲ್ಲ. ನೇರ ರಸ್ತೆಯಲ್ಲಿ ಸ್ಟೇರಿಂಗ್ ಬಿಟ್ಟರೆ ಗಾಡಿ ಸ್ವಲ್ಪ ಬಲಕ್ಕೆ ಹೋಗುತ್ತದೆ. ಪಾನಾ ಹಿಡಿದು ಗೊತ್ತು, ಆಯಿಲ್ ಫಿಲ್ಟರ್ ನಾನೇ ಬದಲಿಸುತ್ತೇನೆ. ಬ್ರೇಕ್ ಕೆಲಸ ಮಾತ್ರ ಇದುವರೆಗೆ ಮಾಡಿಲ್ಲ.

ಪಾನಾ ಪಕ್ಕಡ್ (ರಾಯಚೂರು):

ಮೊದಲು ಒಂದು ಮಾತು. ಇದು ಸರಿ ಆಗುವ ತನಕ ಆ ಗಾಡಿಯನ್ನು ಘಾಟಿಗೆ ಒಯ್ಯಬೇಡಿ, ತೋರಣಗಲ್ಲಿಗೂ ಬೇಡ. ಬಸ್ಸಿನಲ್ಲಿ ಹೋಗಿ.

ಇಬ್ಬರು ಮೆಕ್ಯಾನಿಕ್‌ಗಳೂ ಅರ್ಧರ್ಧ ನೋಡಿದ್ದಾರೆ ಅಂತ ನನಗೆ ಅನಿಸುತ್ತದೆ. ನಿಮಗೆ ಆಗಿದ್ದು ಬ್ರೇಕ್ ಆಯಿಲ್ ಕುದಿದದ್ದು. ಅದಕ್ಕೇ ತಣ್ಣಗಾದ ಮೇಲೆ ಪೆಡಲ್ ಮತ್ತೆ ಗಟ್ಟಿ ಆಯಿತು. ಮಾಸ್ಟರ್ ಸಿಲಿಂಡರ್ ಹೋಗಿದ್ದರೆ ತಣ್ಣಗಿದ್ದಾಗಲೂ, ಸಿಗ್ನಲ್‌ನಲ್ಲಿ ಸುಮ್ನೆ ಒತ್ತಿ ಹಿಡಿದು ನಿಂತಾಗಲೂ ಪೆಡಲ್ ನಿಧಾನಕ್ಕೆ ಕೆಳಗೆ ಇಳಿಯುತ್ತಿತ್ತು. ಮನೆ ಮುಂದೆ ಎಂಜಿನ್ ಚಾಲೂ ಮಾಡಿ ಒಂದು ನಿಮಿಷ ಒತ್ತಿ ಹಿಡಿದು ನೋಡಿ. ಇಳಿಯದಿದ್ದರೆ ಅದರ ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ.

ಕುದಿಯುವುದು ಹೇಗೆ ಅಂದರೆ, ನಾವು ಬ್ರೇಕ್ ಆಯಿಲ್ ಅಂತೀವಿ, ಆದರೆ ಅದು ಆಯಿಲ್ ಅಲ್ಲ. ಗ್ಲೈಕಾಲ್ ಜಾತಿಯ ದ್ರವ. ಉಪ್ಪು ಮಳೆಗಾಲದಲ್ಲಿ ನೀರು ಬಿಡುತ್ತದಲ್ಲ, ಹಾಗೆ ಇದೂ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಡಬ್ಬಿಯ ಮುಚ್ಚಳದಿಂದ ಬರುತ್ತದೆ, ರಬ್ಬರ್ ಹೋಸ್ ಮೂಲಕವೂ ಬರುತ್ತದೆ. ಹೊಸ ಡಾಟ್ 3 (ಡಾಟ್ ಅನ್ನುವುದು ಈ ದ್ರವದ ದರ್ಜೆ) ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ. ಅದೇ 3.7 ಶೇಕಡಾ ನೀರು ಸೇರಿದ ಮೇಲೆ 140 ತಡೆದರೆ ಸಾಕು. ಡಾಟ್ 4 ಆದರೆ ಹೊಸದಕ್ಕೆ 230, ನೀರು ಸೇರಿದ್ದಕ್ಕೆ 155. ಎಷ್ಟು ಇಳಿಯಿತು ನೋಡಿದಿರಾ? ದ್ರವ ಕುದಿದರೆ ಆವಿ ಗುಳ್ಳೆ ಆಗುತ್ತದೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ಪೆಡಲ್ ಒತ್ತಿದ್ದೆಲ್ಲ ಗುಳ್ಳೆ ಕುಗ್ಗಿಸೋಕೇ ಖರ್ಚಾಯಿತು, ಪ್ಯಾಡ್ ತನಕ ಏನೂ ಹೋಗಲಿಲ್ಲ.

ಆಯಿಲ್ ಹಳೆಯದಾಗಿದ್ದಷ್ಟೇ ಆದರೆ ಎರಡೂ ಕಡೆ ಒಂದೇ ಥರ ಬಿಸಿ ಇರಬೇಕಿತ್ತು. ಬಲಗಡೆ ಜಾಸ್ತಿ ಸುಟ್ಟಿದೆ ಅಂದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಕಾಲು ತೆಗೆದ ಮೇಲೂ ಪ್ಯಾಡ್ ಉಜ್ಜುತ್ತಲೇ ಇದೆ. ಗಾಡಿ ಬಲಕ್ಕೆ ಎಳೆಯುವುದೂ ಅದಕ್ಕೇ ಹೊಂದುತ್ತದೆ.

ಒಂದು ವ್ಯತ್ಯಾಸ ಗಮನಿಸಿ, ಇದರಲ್ಲಿ ತುಂಬಾ ಜನ ಎಡವುತ್ತಾರೆ. ಬ್ರೇಕ್ ಒತ್ತದೆ ಸುಮ್ನೆ ಓಡುವಾಗ ಬಲಕ್ಕೆ ಹೋದರೆ ಬಲಗಡೆಯದು ಹಿಡಿದುಕೊಂಡಿದೆ. ಬ್ರೇಕ್ ಒತ್ತಿದಾಗ ಮಾತ್ರ ಬಲಕ್ಕೆ ಹೋದರೆ ಎಡಗಡೆಯದು ಕೆಲಸ ಮಾಡುತ್ತಿಲ್ಲ ಅಂತ ಅರ್ಥ ಇರಬಹುದು. ಎಷ್ಟೋ ಸಲ ಚೆನ್ನಾಗಿರುವ ಕಡೆಯದನ್ನೇ ಬಿಚ್ಚಿ ಹೊಸದು ಹಾಕಿ ಕಳಿಸುತ್ತಾರೆ. ಟೈರ್ ಗಾಳಿ ಎರಡೂ ಕಡೆ ಸಮ ಇದೆಯಾ ಅಂತ ಮೊದಲು ನೋಡುವುದನ್ನು ಹೇಳಬೇಕಾಗಿಲ್ಲ ಅಲ್ವಾ.

ಬಿಸಿಲೂರು ಬಸ್ಯಾ (ಸಿರುಗುಪ್ಪ):

ಪಾನಾ ಅಣ್ಣ ಹೇಳಿದ್ದು ಪುಸ್ತಕದ್ದು ಸರಿ. ಆದರೆ ನಮ್ಮ ಊರಲ್ಲಿ ತೇವ ಎಲ್ಲಿದೆ ಸ್ವಾಮಿ? ಹಸಿ ಬಟ್ಟೆ ಹತ್ತು ನಿಮಿಷಕ್ಕೆ ಒಣಗುತ್ತದೆ. ಮಂಗಳೂರಿನವರು ಎರಡು ವರ್ಷಕ್ಕೊಮ್ಮೆ ಬದಲಿಸಲಿ, ನಾವ್ಯಾಕೆ? ನಾನು ಎಂಟು ವರ್ಷದಿಂದ ಮುಟ್ಟಿಲ್ಲ, ಗಾಡಿ ನಿಲ್ಲುತ್ತದೆ.

ಪಾನಾ ಪಕ್ಕಡ್ (ರಾಯಚೂರು):

ಬಸಣ್ಣ, ಎಂಟು ವರ್ಷದಲ್ಲಿ ಎಂಟು ಮಳೆಗಾಲ ಬಂದಿದೆ. ಒಣ ಊರಲ್ಲಿ ತೇವ ನಿಧಾನಕ್ಕೆ ಹೋಗಬಹುದು, ನಿಲ್ಲುವುದಿಲ್ಲ. ಒಳಗೆ ಹೋದ ನೀರು ಬೇಸಿಗೆ ಬಂತು ಅಂತ ಹೊರಗೂ ಬರುವುದಿಲ್ಲ. ನಿಮ್ಮ ಗಾಡಿ ನಿಲ್ಲುತ್ತದೆ ಅಂದರೆ ಸಿರುಗುಪ್ಪದ ಸಪಾಟು ರಸ್ತೆಯಲ್ಲಿ ನಿಲ್ಲುತ್ತದೆ. ಅಲ್ಲಿ ಬ್ರೇಕ್ 140 ಡಿಗ್ರಿ ನೋಡುವುದೇ ಅಪರೂಪ. ಇವರ ಗಾಡಿಯೂ ಸಂಡೂರಿಗೆ ಹೋಗುವ ತನಕ ನಿಲ್ಲುತ್ತಲೇ ಇತ್ತು.

ಮತ್ತೆ ನೀರು ಅಂದರೆ ಬರೀ ಕುದಿಯುವ ಸಮಸ್ಯೆ ಅಲ್ಲ. ಕ್ಯಾಲಿಪರ್ ಒಳಗೆ ಪ್ಯಾಡ್ ತಳ್ಳುವ ಪಿಸ್ಟನ್‌ಗೆ, ಹಿಂದಿನ ಡ್ರಮ್‌ನಲ್ಲಿ ಅಂಥದ್ದೇ ಕೆಲಸ ಮಾಡುವ ವೀಲ್ ಸಿಲಿಂಡರ್‌ಗೆ ತುಕ್ಕು ಹಿಡಿಸುವುದೂ ಅದೇ. 300 ರೂಪಾಯಿ ಆಯಿಲ್ ಉಳಿಸೋಕೆ ಹೋಗಿ ಸಾವಿರಾರು ರೂಪಾಯಿ ಸಾಮಾನು ತುಕ್ಕು ಹಿಡಿಸಿಕೊಳ್ಳುವ ಲೆಕ್ಕ ನನಗಂತೂ ಹೊಂದುವುದಿಲ್ಲ. ನಾನು ಎರಡು ವರ್ಷಕ್ಕೆ ಅಥವಾ 40,000 ಕಿಮೀಗೆ, ಯಾವುದು ಮೊದಲೋ ಅದಕ್ಕೆ ಬದಲಿಸುತ್ತೇನೆ. ನಿಮ್ಮ ಗಾಡಿ ಪುಸ್ತಕ ಬೇರೆ ಹೇಳಿದರೆ ಪುಸ್ತಕದ ಮಾತೇ ನಡೆಯಲಿ.

ಹತ್ತು ಗಾಲಿ (ಹೊಸಪೇಟೆ ರೋಡ್):

ನಮ್ಮದು ಲಾರಿ ಮನೆತನ. ಅಪ್ಪ ಇಪ್ಪತ್ತು ವರ್ಷ ಅದಿರು ಹೊಡೆದಿದ್ದಾರೆ. ನಮ್ಮ ಲಾರಿಯದು ಗಾಳಿ ಬ್ರೇಕ್, ಈ ಆಯಿಲ್ ಕುದಿಯುವ ಕತೆ ಅಲ್ಲಿಲ್ಲ, ಆದರೆ ಲೈನಿಂಗ್ ಕಾದು ಬ್ರೇಕ್ ಹಿಡಿಯದೇ ಹೋಗುವುದು ಉಂಟು. ನಿಮ್ಮ ಮುಂದೆ ಆಮೆ ಥರ ಇಳಿಯುತ್ತಿದ್ದನಲ್ಲ ಆ ಡ್ರೈವರ್, ಅವನೇ ಸರಿಯಾಗಿ ಇಳಿಯುತ್ತಿದ್ದ. ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ ಅಂತ ಕ್ಲೀನರ್ ಹುಡುಗನಿಗೂ ಮೊದಲ ದಿನ ಹೇಳಿಕೊಡುತ್ತಾರೆ. ಎರಡನೇ ಗೇರ್ ಹಾಕಿ, ಎಂಜಿನ್ ಹಿಡಿಯಲಿ, ಬ್ರೇಕ್ ಆಗಾಗ ಒತ್ತಿ ಪೂರ್ತಿ ಬಿಡಿ. ಕಾಲಿಟ್ಟುಕೊಂಡೇ ಇದ್ದರೆ ಹೊಸ ಗಾಡಿಯದೂ ಕಾಯುತ್ತದೆ.

ಬೈದೆ ಅಂತ ಅಂದುಕೊಳ್ಳಬೇಡಿ ಅಣ್ಣ. ಐದು ಜನ ಇದ್ದರು ಅಂದಿರಲ್ಲ, ಅದಕ್ಕೆ ಹೇಳಿದೆ.

ಕೆಂಪುಧೂಳು (ಬಳ್ಳಾರಿ):

ಬೈದರೂ ಸರಿ, ತಪ್ಪು ನನ್ನದೇ. ಪೆಡಲ್ ಪರೀಕ್ಷೆ ಮಾಡಿದೆ, ಇಳಿಯಲಿಲ್ಲ. ಟೈರ್ ಗಾಳಿ ಸಮ ಇದೆ. ಸುಮ್ನೆ ಓಡುವಾಗಲೇ ಬಲಕ್ಕೆ ಎಳೆಯುತ್ತದೆ. ಬಲಗಾಲಿಯನ್ನು ಜಾಕಿಯಲ್ಲಿ ಎತ್ತಿ ಕೈಯಲ್ಲಿ ತಿರುಗಿಸಿದೆ, ಬಿಗಿ ಇದೆ, ಅರ್ಧ ಸುತ್ತೂ ತಾನಾಗಿ ತಿರುಗುವುದಿಲ್ಲ. ಎಡಗಡೆಯದು ಸಲೀಸು. ಈಗ ಪಿಸ್ಟನ್ ಜಾಮ್ ಆಗಿದೆಯಾ, ಬೇರೆ ಏನಾದರೂ ಆಗಿದೆಯಾ ಅಂತ ಬಿಚ್ಚದೆ ತಿಳಿಯುತ್ತಾ?

ಗ್ಯಾರೇಜ್ ಹುಡುಗ (ಗಂಗಾವತಿ):

ಸರ್, ನಾನು ಹದಿಮೂರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಮ್ಮವರ ಪರವಾಗಿ ಮೊದಲು ಒಂದು ಮಾತು. "ಕ್ಯಾಲಿಪರ್ ಬದಲಿಸಿ" ಅನ್ನುವುದು ಯಾವಾಗಲೂ ಮೋಸ ಅಲ್ಲ. ಬಿಚ್ಚಿ ತೊಳೆದು ಹೊಸ ರಬ್ಬರ್ ಸೀಲ್‌ಗಳ ಕಿಟ್ ಹಾಕಿದರೆ ಅರ್ಧ ದಿನ ಹೋಗುತ್ತದೆ, ಅದಕ್ಕೆ 600 ಕೂಲಿ ಕೇಳಿದರೆ ಗಿರಾಕಿ ಜಗಳಕ್ಕೆ ಬರುತ್ತಾರೆ. ಹೊಸದು ಹಾಕಿದರೆ ಒಂದು ಗಂಟೆ ಕೆಲಸ, ಯಾರೂ ಮಾತಾಡುವುದಿಲ್ಲ. ಬ್ರೇಕ್ ಆದ್ದರಿಂದ ನಾಳೆ ಏನಾದರೂ ಆದರೆ ಹೆಸರು ಕೆಡುವುದೂ ನಮ್ಮದೇ. ಆದರೂ ಬಿಚ್ಚಿ ನೋಡದೆ ಎರಡೂ ಕಡೆಯದು, ಮೇಲೆ ಮಾಸ್ಟರ್ ಸಿಲಿಂಡರ್ ಬೇರೆ ಅಂದದ್ದು ಜಾಸ್ತಿಯೇ ಆಯಿತು.

ಬಿಚ್ಚದೆ ತಿಳಿಯುವ ಉಪಾಯ ಇದೆ. ಗಾಲಿ ಬಿಗಿ ಇರುವಾಗಲೇ ಕ್ಯಾಲಿಪರ್ ಮೇಲಿನ ಬ್ಲೀಡಿಂಗ್ ನಿಪ್ಪಲ್ (ಆಯಿಲ್ ಹೊರಗೆ ಬಿಡುವ ಸಣ್ಣ ತಿರುಪು) ಸ್ವಲ್ಪ ಸಡಿಲ ಮಾಡಿ. ಚಿಮ್ಮಿ ಆಯಿಲ್ ಬಂದು ತಕ್ಷಣ ಗಾಲಿ ಸಲೀಸಾದರೆ ಒಳಗೆ ಪ್ರೆಶರ್ ಸಿಕ್ಕಿಕೊಂಡಿತ್ತು ಅಂತ. ಆಗ ಅನುಮಾನ ರಬ್ಬರ್ ಹೋಸ್ ಮೇಲೆ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿರುತ್ತದೆ, ಆಯಿಲ್ ಹೋಗೋಕೆ ಬಿಡುತ್ತದೆ, ವಾಪಸ್ ಬರೋಕೆ ಬಿಡುವುದಿಲ್ಲ. ನಿಪ್ಪಲ್ ಬಿಚ್ಚಿದ ಮೇಲೂ ಗಾಲಿ ಬಿಗಿಯೇ ಇದ್ದರೆ ಪಿಸ್ಟನ್ ಅಥವಾ ಪಿನ್ ಜಾಮ್.

ಬಳ್ಳಾರಿ ಗಾಡಿ ಅಂದರೆ ನಾನು ಪಿನ್ ಮೇಲೆ ಪಂದ್ಯ ಕಟ್ಟುತ್ತೇನೆ. ನಿಮ್ಮ ಥರದ ಗಾಡಿಯಲ್ಲಿ ಪಿಸ್ಟನ್ ಇರುವುದು ಒಳಗಡೆ ಒಂದೇ. ಅದು ಒಳಗಿನ ಪ್ಯಾಡನ್ನು ತಳ್ಳುತ್ತದೆ, ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಪಿನ್ ಜಾರದಿದ್ದರೆ ಒಂದು ಪ್ಯಾಡ್ ಸವೆದು ಕಾಗದ ಆಗಿರುತ್ತದೆ, ಇನ್ನೊಂದು ದಪ್ಪಗೆ ಹಾಗೇ ಇರುತ್ತದೆ. ಪಿನ್‌ಗೆ ರಬ್ಬರ್ ಬೂಟ್ ಇರುತ್ತದಲ್ಲ, ಅದು ಹರಿದರೆ ನಿಮ್ಮ ಕೆಂಪು ಧೂಳು ಒಳಗೆ ಹೋಗುತ್ತದೆ, ಗ್ರೀಸ್ ಜೊತೆ ಸೇರಿ ಗಾರೆ ಆಗುತ್ತದೆ. ನಮ್ಮ ಕಡೆ ಗದ್ದೆ ಕೆಸರು ಅದೇ ಕೆಲಸ ಮಾಡುತ್ತದೆ. ಭತ್ತದ ನಾಟಿ ಮುಗಿದ ಮೇಲೆ ನನಗೆ ಇದೇ ಕೆಲಸ ಜಾಸ್ತಿ.

ಕೆಂಪುಧೂಳು (ಬಳ್ಳಾರಿ):

ಪಂದ್ಯ ಗೆದ್ದಿರಿ! ನಿಪ್ಪಲ್ ಸಡಿಲ ಮಾಡಿದೆ, ಗಾಲಿ ಬಿಗಿಯೇ ಇತ್ತು. ಕ್ಯಾಲಿಪರ್ ಕೆಳಗಿನ ಬೋಲ್ಟ್ ತೆಗೆದು ಮೇಲೆತ್ತೋಕೆ ಹೋದರೆ ಬರಲೇ ಇಲ್ಲ. ಎರಡೂ ಬೋಲ್ಟ್ ತೆಗೆದು ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಬಿಚ್ಚಿದೆ. ಒಳಗಿನ ಪ್ಯಾಡ್ 2 ಮಿಮೀ, ಹೊರಗಿನದು 6. ಮೇಲಿನ ಪಿನ್ ಕೈಯಲ್ಲಿ ಜಾರುತ್ತದೆ. ಕೆಳಗಿನ ಪಿನ್ ಬೂಟ್ ಹರಿದಿದೆ, ಪಿನ್ ತಿರುಗೋದೂ ಇಲ್ಲ, ಬರೋದೂ ಇಲ್ಲ. ಎಡಗಡೆ ಎರಡೂ ಪ್ಯಾಡ್ 5ರ ಹತ್ತಿರ ಇದೆ.

ಈಗ ಕ್ಯಾಲಿಪರ್ ಹೋಸ್ ಮೇಲೆ ತೂಗುತ್ತಿದೆ, ಪರವಾಗಿಲ್ಲ ತಾನೆ? ಮತ್ತೆ ಮನೆಯಲ್ಲಿ ಬೇರಿಂಗ್ ಗ್ರೀಸ್ ಇದೆ, ಅದೇ ಹಾಕಬಹುದಾ?

ಗ್ಯಾರೇಜ್ ಹುಡುಗ (ಗಂಗಾವತಿ):

ಎರಡಕ್ಕೂ ಬೇಡ, ಬೇಡ. ಈಗಲೇ ಎದ್ದು ಹೋಗಿ ಕ್ಯಾಲಿಪರನ್ನು ತಂತಿಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗ್‌ಗೆ ಕಟ್ಟಿ. ಅಷ್ಟು ಭಾರ ಹೋಸ್ ಮೇಲೆ ಬಿದ್ದರೆ ಒಳಗೆ ಬಿರುಕು ಬಿಡಬಹುದು, ಹೊರಗೆ ಕಾಣುವುದೇ ಇಲ್ಲ. ಜಾಕಿ ಮೇಲೆ ಮಾತ್ರ ನಿಂತಿದ್ದರೆ ಕೆಳಗೆ ಸ್ಟ್ಯಾಂಡ್ ಕೊಡಿ, ಇಲ್ಲದಿದ್ದರೆ ಸ್ಟೆಪ್ನಿಯನ್ನಾದರೂ ಅಡಿಗೆ ತಳ್ಳಿ.

ಬೇರಿಂಗ್ ಗ್ರೀಸ್ ಪೆಟ್ರೋಲಿಯಂನದು. ಅದು ಪಿನ್ ಬೂಟ್ ರಬ್ಬರನ್ನು ಊದಿಸುತ್ತದೆ. ಇವತ್ತು ಜಾರುತ್ತದೆ, ಆರು ತಿಂಗಳಿಗೆ ಮತ್ತೆ ಜಾಮ್. ಕ್ಯಾಲಿಪರ್ ಪಿನ್‌ಗೆ ಅಂತಲೇ ಸಿಲಿಕೋನ್ ಗ್ರೀಸ್ ಸಣ್ಣ ಪುಡಿಕೆಯಲ್ಲಿ ಸಿಗುತ್ತದೆ, ಬೂಟ್ ಕಿಟ್ ತಗೊಂಡರೆ ಕೆಲವಕ್ಕೆ ಜೊತೆಯಲ್ಲೇ ಬರುತ್ತದೆ. ಅಂಗಡಿಯಲ್ಲಿ "ಡಿಸ್ಕ್ ಪಿನ್ ಬೂಟ್ ಕಿಟ್" ಅಂತ ಕೇಳಿ, ಗಾಡಿ ಮಾಡೆಲ್ ವರ್ಷ ಹೇಳಿ.

ಜಾಮ್ ಆದ ಪಿನ್ ತೆಗೆಯೋಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಡಿ, ಬೆಳಿಗ್ಗೆ ಪಾನಾದಲ್ಲಿ ಹಿಂದೆ ಮುಂದೆ ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಎಳೆಯಿರಿ. ಒಂದೇ ಸಲ ಜೋರು ಹಾಕಿದರೆ ಮುರಿಯುತ್ತದೆ. ಪ್ಯಾಡ್ ಮೇಲೆ, ಡಿಸ್ಕ್ ಮೇಲೆ ಆ ಸ್ಪ್ರೇ ಬೀಳಬಾರದು. ಬಂದ ಮೇಲೆ ಪಿನ್ ನೋಡಿ. ಮೇಲ್ಮೈ ಕೊರೆದು ಹೋಗಿದ್ದರೆ ಹೊಸ ಪಿನ್ ಹಾಕಿ, ಅದಕ್ಕೇನೂ ಜಾಸ್ತಿ ಆಗಲ್ಲ. ಎಮರಿ ಹಾಕಿ ಉಜ್ಜಿ ಉಜ್ಜಿ ಸಣ್ಣ ಮಾಡಿದರೆ ಆಮೇಲೆ ಕಟಕಟ ಶಬ್ದ. ತೂತಿನ ಒಳಗಿನ ಗಾರೆಯನ್ನೂ ಬಟ್ಟೆ ಸುತ್ತಿದ ಕಡ್ಡಿಯಿಂದ ಪೂರ್ತಿ ತೆಗೆಯಿರಿ, ತುಂಬಾ ಜನ ಪಿನ್ ಮಾತ್ರ ಒರೆಸಿ ಒಳಗಿನದನ್ನು ಮರೆಯುತ್ತಾರೆ.

ಎರಡು ಪಿನ್ ಒಂದೇ ಥರ ಕಂಡರೂ ಬೇರೆ ಇರಬಹುದು. ಒಂದಕ್ಕೆ ತುದಿಯಲ್ಲಿ ರಬ್ಬರ್ ತೋಳು ಇರಬಹುದು, ಅಥವಾ ಬದಿ ಚಪ್ಪಟೆ ಇರಬಹುದು. ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ, ಅದಲು ಬದಲು ಮಾಡಬೇಡಿ. ಗ್ರೀಸ್ ತೆಳ್ಳಗೆ ಸಾಕು. ತುಂಬಿಸಿ ತುರುಕಿದರೆ ಪಿನ್ ಹಿಂದೆ ಗಾಳಿ ಸಿಕ್ಕಿಕೊಂಡು ಸ್ಪ್ರಿಂಗ್ ಥರ ವಾಪಸ್ ತಳ್ಳುತ್ತದೆ. ಪಿನ್ ಕೂರಿಸುವಾಗ ಬೂಟನ್ನು ಬೆರಳಲ್ಲಿ ಹಿಂಡಿ ಗಾಳಿ ಬಿಡಿ.

ಪ್ಯಾಡ್ ಕೂರುವ ಜಾಗದಲ್ಲಿ ಸ್ಟೀಲ್ ಕ್ಲಿಪ್ ಇರುತ್ತದೆ. ಅದನ್ನು ತೆಗೆದು ಅಡಿಯ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ. ಪ್ಯಾಡ್ ಕಿವಿ ಅಲ್ಲಿ ಸಲೀಸಾಗಿ ಜಾರಬೇಕು, ಸುತ್ತಿಗೆ ಬೇಕಾಗಬಾರದು. ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಉಸಿರಿಗೆ ಹೋಗುತ್ತದೆ. ಬ್ರೇಕ್ ಕ್ಲೀನರ್ ಸ್ಪ್ರೇ ಅಥವಾ ಒದ್ದೆ ಬಟ್ಟೆ ಬಳಸಿ. ಸೀಮೆಎಣ್ಣೆ, ಡೀಸೆಲ್ ರಬ್ಬರ್ ಹತ್ತಿರವೇ ಬೇಡ.

2 ಮಿಮೀ ಪ್ಯಾಡ್ ಮುಗಿದ ಲೆಕ್ಕ. ನಾಲ್ಕೂ ಪ್ಯಾಡ್ ಹೊಸದು ಹಾಕಿ, ಒಂದೇ ಕಡೆ ಹಾಕಬೇಡಿ. ಡಿಸ್ಕ್ ಬದಲಿಸಲೇಬೇಕಾ ಅಂದರೆ, ಡಿಸ್ಕ್ ಮೇಲೆ ಕನಿಷ್ಠ ದಪ್ಪ ಕೊರೆದಿರುತ್ತಾರೆ. ಅಳೆದು ನೋಡಿ. ಅದಕ್ಕಿಂತ ಜಾಸ್ತಿ ಇದ್ದು, ಬಿರುಕು ಇಲ್ಲದಿದ್ದರೆ, ಒತ್ತಿದಾಗ ಪೆಡಲ್ ನಡುಗದಿದ್ದರೆ ಇರಲಿ. ಸುಟ್ಟ ಗಾಲಿ ಆದ್ದರಿಂದ ನೀಲಿ ಮಚ್ಚೆ ಇದೆಯಾ ಅಂತ ಸರಿಯಾಗಿ ನೋಡಿ.

ಇನ್ನು ಪಿಸ್ಟನ್. ಅದರ ಸುತ್ತ ಒಂದು ಚೌಕ ಅಂಚಿನ ರಬ್ಬರ್ ಸೀಲ್ ಇರುತ್ತದೆ. ಬ್ರೇಕ್ ಒತ್ತಿದಾಗ ಅದು ಸ್ವಲ್ಪ ತಿರುಚಿಕೊಳ್ಳುತ್ತದೆ, ಬಿಟ್ಟಾಗ ವಾಪಸ್ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಬೇರೆ ಸ್ಪ್ರಿಂಗ್ ಇಲ್ಲ, ಅದೇ ಸ್ಪ್ರಿಂಗ್. ಹಳೇ ಪ್ಯಾಡ್ ಅಡ್ಡ ಇಟ್ಟು ಸಿ ಕ್ಲ್ಯಾಂಪ್‌ನಲ್ಲಿ ನಿಧಾನಕ್ಕೆ ಒಳಗೆ ತಳ್ಳಿ. ಒಂದೇ ಸಮ ಹೋದರೆ ಪಿಸ್ಟನ್ ಚೆನ್ನಾಗಿದೆ. ತಡೆದು ತಡೆದು ಹೋದರೆ, ಅಥವಾ ಧೂಳು ತಡೆಯುವ ರಬ್ಬರ್ ಹರಿದು ತುಕ್ಕು ಕಂಡರೆ, ನಿಲ್ಲಿಸಿ ಯಾರಾದರೂ ಗೊತ್ತಿರುವವರ ಹತ್ತಿರ ಸೀಲ್ ಕಿಟ್ ಹಾಕಿಸಿ. ಕಂಪ್ರೆಸರ್ ಗಾಳಿ ಹಾಕಿ ಪಿಸ್ಟನ್ ತೆಗೆಯೋಕೆ ಹೋಗಿ ಬೆರಳು ಜಜ್ಜಿಕೊಂಡವರನ್ನು ನೋಡಿದ್ದೇನೆ. ಅದು ಗುಂಡು ಹೊಡೆದ ಹಾಗೆ ಬರುತ್ತದೆ. ತಳ್ಳುವಾಗ ನಿಪ್ಪಲ್‌ಗೆ ಪೈಪ್ ಹಾಕಿ ಸಡಿಲ ಮಾಡಿಕೊಂಡರೆ ಕೊಳೆ ಆಯಿಲ್ ಹೊರಗೆ ಬರುತ್ತದೆ, ಎಬಿಎಸ್ ಕಡೆಗೆ ವಾಪಸ್ ಹೋಗುವುದಿಲ್ಲ.

ಬಿಸಿಲೂರು ಬಸ್ಯಾ (ಸಿರುಗುಪ್ಪ):

ಸಂಜೆ ಬಾನೆಟ್ ಎತ್ತಿ ನೋಡಿದೆ. ನಂದು ಚಹಾ ಅಲ್ಲ, ಕಾಫಿ ಡಿಕಾಕ್ಷನ್. ಮುಂದೆ ಓದುತ್ತೇನೆ, ಹೇಳಿ.

ಒಂದು ಅನುಮಾನ, ಡಾಟ್ 3 ಇರುವ ಗಾಡಿಗೆ ಡಾಟ್ 4 ಹಾಕಬಹುದಾ? 5 ಅಂತಲೂ ಇದೆಯಂತೆ, ಅದು ಇನ್ನೂ ಒಳ್ಳೆಯದಾ?

ಪಾನಾ ಪಕ್ಕಡ್ (ರಾಯಚೂರು):

ಕಾಫಿ ಅಂತೆ! ಬಣ್ಣ ಒಂದೇ ನೋಡಿ ತೀರ್ಮಾನ ಮಾಡೋಕಾಗಲ್ಲ, ಬಣ್ಣ ಚೆನ್ನಾಗಿದ್ದೂ ನೀರು ಸೇರಿರಬಹುದು. ಪೆನ್ ಥರದ ಟೆಸ್ಟರ್ ಸಿಗುತ್ತದೆ, ಅದೂ ಅಂದಾಜು ಅಷ್ಟೇ. ಎಂಟು ವರ್ಷಕ್ಕೆ ಟೆಸ್ಟರ್ ಯಾಕೆ ಬೇಕು, ಬದಲಿಸಿ.

ಡಾಟ್ 3 ಇರುವಲ್ಲಿ ಡಾಟ್ 4 ಸಾಮಾನ್ಯವಾಗಿ ನಡೆಯುತ್ತದೆ, ಎರಡೂ ಗ್ಲೈಕಾಲ್ ಜಾತಿಯವೇ. 4 ಬರೆದಿರುವ ಗಾಡಿಗೆ 3 ಹಾಕಿ ಕೆಳಗೆ ಇಳಿಯಬೇಡಿ. ಮುಚ್ಚಳದ ಮೇಲೆ ಬರೆದಿರುತ್ತಾರೆ, ಧೂಳು ಒರೆಸಿ ಓದಿ. ಡಾಟ್ 5 ಮಾತ್ರ ಬೇರೆ, ಅದು ಸಿಲಿಕೋನ್, ಇವುಗಳ ಜೊತೆ ಸೇರುವುದಿಲ್ಲ, ಅದನ್ನು ಮುಟ್ಟಲೇಬೇಡಿ. 5.1 ಅಂತ ಇನ್ನೊಂದಿದೆ, ಅದು ಮತ್ತೆ ಗ್ಲೈಕಾಲ್. ಹೆಸರಿಟ್ಟವರಿಗೆ ಏನಾಗಿತ್ತೋ!

"ಬ್ರೇಕ್ ಆಯಿಲ್" ಅನ್ನುವ ಹೆಸರಿನಿಂದಲೇ ಒಂದು ಅನಾಹುತ ನೋಡಿದ್ದೇನೆ. ಪರಿಚಯದವರೊಬ್ಬರು ಮಟ್ಟ ಕಮ್ಮಿ ಆಯಿತು ಅಂತ ಪವರ್ ಸ್ಟೇರಿಂಗ್ ಆಯಿಲ್ ಸುರಿದರು. ಆಯಿಲ್ ಅಂದರೆ ಆಯಿಲ್ ಅಲ್ವಾ ಅಂತ. ವಾರದಲ್ಲಿ ಎಲ್ಲಾ ಸೀಲ್ ಊದಿ ನಾಲ್ಕು ಗಾಲಿಯೂ ಹಿಡಿದುಕೊಂಡವು. ಮಾಸ್ಟರ್ ಸಿಲಿಂಡರ್‌ನಿಂದ ವೀಲ್ ಸಿಲಿಂಡರ್ ತನಕ ರಬ್ಬರ್ ಇರುವುದೆಲ್ಲ ಬದಲಿಸಬೇಕಾಯಿತು.

ಮಟ್ಟ ಕಮ್ಮಿ ಆಗುವುದಕ್ಕೂ ಕಾರಣ ಇರುತ್ತದೆ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗಕ್ಕೆ ಆಯಿಲ್ ಹೋಗುತ್ತದೆ, ಡಬ್ಬಿಯಲ್ಲಿ ನಿಧಾನಕ್ಕೆ ಇಳಿಯುತ್ತದೆ. ಬೇಗ ಇಳಿದರೆ ಎಲ್ಲೋ ಸೋರುತ್ತಿದೆ, ಹಿಂದಿನ ಡ್ರಮ್ ಬಿಚ್ಚಿ ನೋಡಿ. ಸುಮ್ನೆ ತುಂಬಿಸುತ್ತಾ ಹೋಗಬೇಡಿ.

ಕೆಂಪುಧೂಳು ಅವರೇ, ಬದಲಿಸುವ ಕ್ರಮ ಹೇಳುತ್ತೇನೆ. ಒಂದು ಲೀಟರ್ ತನ್ನಿ, ಅರ್ಧರ್ಧ ಲೀಟರಿನ ಎರಡು ಡಬ್ಬಿ ಆದರೆ ಒಳ್ಳೆಯದು, ಎರಡನೆಯದು ಬೇಕಾದರೆ ಮಾತ್ರ ಒಡೆಯಿರಿ. ಸೀಲ್ ಒಡೆದಿಟ್ಟ ಡಬ್ಬಿಯೂ ತೇವ ಎಳೆಯುತ್ತದೆ, ಮುಂದಿನ ಸಲಕ್ಕೆ ಅಂತ ಎತ್ತಿಡಬೇಡಿ. ಡಬ್ಬಿಯಲ್ಲಿರುವ ಹಳೇ ಆಯಿಲನ್ನು ಸಿರಿಂಜ್‌ನಲ್ಲಿ ತೆಗೆದು ಹೊಸದು ತುಂಬಿ. ಇಲ್ಲದಿದ್ದರೆ ಆ ಚಹಾನೇ ಇಡೀ ಲೈನ್ ತುಂಬಾ ಓಡಾಡುತ್ತದೆ. ಯಾವ ಗಾಲಿಯಿಂದ ಶುರು ಅನ್ನುವುದು ಪುಸ್ತಕ ನೋಡಿ. ದೂರದ ಗಾಲಿ ಮೊದಲು ಅನ್ನುವುದು ಹಳೇ ಲೆಕ್ಕ, ನಮ್ಮ ಬಲಗಡೆ ಸ್ಟೇರಿಂಗ್ ಗಾಡಿಗೆ ಅದು ಹಿಂದಿನ ಎಡಗಾಲಿ. ಆದರೆ ಈಗ ಬಹಳ ಗಾಡಿಗಳಲ್ಲಿ ಲೈನ್ ಮೂಲೆಯಿಂದ ಮೂಲೆಗೆ ಇರುತ್ತದೆ, ಅವುಗಳಿಗೆ ಕ್ರಮ ಬೇರೆ ಇರಬಹುದು.

ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ, ಇನ್ನೊಂದು ತುದಿ ಬಾಟಲಿಯಲ್ಲಿ ಸ್ವಲ್ಪ ಹೊಸ ಆಯಿಲ್ ಒಳಗೆ ಮುಳುಗಿರಲಿ. ಒಬ್ಬರು ಪೆಡಲ್ ಮೇಲೆ. ಒತ್ತಿ ಹಿಡಿ ಅನ್ನಿ, ನಿಪ್ಪಲ್ ಕಾಲು ಸುತ್ತು ಬಿಚ್ಚಿ, ಆಯಿಲ್ ಬರಲಿ, ಬಿಗಿ ಮಾಡಿ, ಆಮೇಲೆ ಬಿಡು ಅನ್ನಿ. ಬಿಗಿ ಮಾಡುವ ಮೊದಲೇ ಕಾಲೆತ್ತಿದರೆ ಗಾಳಿ ಒಳಗೆ. ಹೊಸ ಬಣ್ಣ ಬರುವ ತನಕ ಇದೇ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ಪೂರ್ತಿ ನೆಲಕ್ಕೆ ಹೋಗಬಾರದು. ಹಳೇ ಮಾಸ್ಟರ್ ಸಿಲಿಂಡರ್‌ನಲ್ಲಿ ದಿನಾ ಬಳಕೆಯಾಗದ ಕೊನೆಯ ಭಾಗದಲ್ಲಿ ತುಕ್ಕು ಕೂತಿರುತ್ತದೆ, ಸೀಲ್ ಅಲ್ಲಿಗೆ ಹೋಗಿ ಉಜ್ಜಿದರೆ ಹರಿಯುತ್ತದೆ. ಆಗ ಆ ಗ್ಯಾರೇಜಿನವರು ಹೇಳಿದ ಮಾಸ್ಟರ್ ಸಿಲಿಂಡರ್ ನಿಜವಾಗಲೂ ಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಏಳೆಂಟು ಸಲ ಒತ್ತಿದ ಮೇಲೆ ಮೇಲಿನ ಡಬ್ಬಿ ನೋಡಿ ತುಂಬಿಸಿ. ಅದು ಖಾಲಿ ಆಗಿ ಎಬಿಎಸ್ ಒಳಗೆ ಗಾಳಿ ಹೋದರೆ ಕೈಯಲ್ಲಿ ಬರುವುದು ಕಷ್ಟ, ಸ್ಕ್ಯಾನರ್ ಹಾಕಿ ಅದರ ಪಂಪ್ ಓಡಿಸಬೇಕು. ಡಬ್ಬಿ ಖಾಲಿಯಾಗದಂತೆ ನೋಡಿಕೊಂಡರೆ ಸ್ಕ್ಯಾನರ್ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಆಯಿಲ್ ಬಣ್ಣ ತಿನ್ನುತ್ತದೆ. ಬಿದ್ದರೆ ಬಟ್ಟೆ ಹುಡುಕುತ್ತಾ ಕೂರಬೇಡಿ, ತಕ್ಷಣ ನೀರು ಸುರಿಯಿರಿ. ಪಕ್ಕದಲ್ಲಿ ಒಂದು ಬಕೆಟ್ ಇಟ್ಟುಕೊಂಡೇ ಕೂತುಕೊಳ್ಳಿ.

ಹತ್ತು ಗಾಲಿ (ಹೊಸಪೇಟೆ ರೋಡ್):

ಎಲ್ಲಾ ಮುಗಿದ ಮೇಲೆ ಗಾಡಿ ಚಾಲೂ ಮಾಡಿ ಹೊರಡುವ ಮೊದಲು ಪೆಡಲ್ ಗಟ್ಟಿ ಆಗುವ ತನಕ ಒತ್ತಿ. ಪಿಸ್ಟನ್ ಒಳಗೆ ತಳ್ಳಿರುತ್ತೀರಿ, ಮೊದಲ ಎರಡು ಮೂರು ಸಲ ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ನಮ್ಮ ಚಿಕ್ಕಪ್ಪ ಇದನ್ನು ಮರೆತು ರಿವರ್ಸ್ ತೆಗೆದು ಎಮ್ಮೆ ಕಟ್ಟುವ ಕಂಬಕ್ಕೆ ಗುದ್ದಿದ್ದರು. ಎಮ್ಮೆ ಮೇಯೋಕೆ ಹೋಗಿತ್ತು.

ಕೆಂಪುಧೂಳು (ಬಳ್ಳಾರಿ):

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎರಡು ಭಾನುವಾರ ಹಿಡಿಯಿತು.

ಕೆಳಗಿನ ಪಿನ್ ಎರಡು ರಾತ್ರಿ ನೆನೆಸಿದ ಮೇಲೆ ಬಂತು. ಮೇಲ್ಮೈ ಹುಳ ತಿಂದ ಹಾಗಿತ್ತು, ಹೊಸದು ಹಾಕಿದೆ. ತೂತಿನೊಳಗಿಂದ ತೆಗೆದ ಗಾರೆ ನಿಜವಾಗಲೂ ಕೆಂಪು ಬಣ್ಣದ್ದು, ಅಂಗೈ ಮೇಲೆ ಇಟ್ಟುಕೊಂಡು ನಕ್ಕೆ. ಪಿಸ್ಟನ್ ಎರಡೂ ಕಡೆ ಒಂದೇ ಸಮ ಒಳಗೆ ಹೋಯಿತು, ರಬ್ಬರ್ ಚೆನ್ನಾಗಿದೆ. ಎಡಗಡೆಯ ಪಿನ್‌ಗಳನ್ನೂ ತೆಗೆದು ಒರೆಸಿ ಹೊಸ ಬೂಟ್ ಹಾಕಿದೆ, ಅಲ್ಲೂ ಗ್ರೀಸ್ ಒಣಗಿ ಮೇಣ ಆಗಿತ್ತು. ಡಿಸ್ಕ್ ಅಳತೆ ಕನಿಷ್ಠಕ್ಕಿಂತ ಮೇಲೇ ಇದೆ, ಬಿರುಕೂ ಇಲ್ಲ, ಅದನ್ನು ಬಿಟ್ಟೆ. ಬೋಲ್ಟ್ ಬಿಗಿ ಮಾಡೋಕೆ ಟಾರ್ಕ್ ಪಾನಾವನ್ನು ಕೆಲಸದ ಕಡೆಯ ಗೆಳೆಯರ ಹತ್ತಿರ ತಂದೆ.

ಆಯಿಲ್ ಡಾಟ್ 4, ಮುಕ್ಕಾಲು ಲೀಟರ್ ಹೋಯಿತು. ಪೆಡಲ್ ಒತ್ತೋಕೆ ತಂಗಿ ಕೂತಿದ್ದಳು. "ಒತ್ತು, ಹಿಡಿ, ಬಿಡು" ಅಂತ ಒಂದೂವರೆ ಗಂಟೆ ಕೂಗಿ ಗಂಟಲು ಹೋಯಿತು, ಬೀದಿಯವರೆಲ್ಲ ಬಂದು ನೋಡಿ ಹೋದರು. ಹಿಂದಿನ ಎಡಗಾಲಿಯಿಂದ ಮೊದಲು ಬಂದದ್ದು ಚಹಾ ಅಲ್ಲ, ಕರಿ ನೀರು.

ಪ್ಯಾಡ್ ನಾಲ್ಕು, ಬೂಟ್ ಕಿಟ್, ಪಿನ್, ಗ್ರೀಸ್, ಆಯಿಲ್ ಎಲ್ಲ ಸೇರಿ 3,100 ಆಯಿತು. ಹೊಸ ಪ್ಯಾಡ್ ಹೊಂದಿಕೊಳ್ಳಲಿ ಅಂತ ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ಇಪ್ಪತ್ತು ಮೂವತ್ತು ಸಲ ಹದವಾಗಿ ಒತ್ತಿ ಬಿಟ್ಟೆ, ನಡುನಡುವೆ ತಣ್ಣಗಾಗೋಕೆ ಬಿಟ್ಟು. ಈಗ ತೋರಣಗಲ್ಲಿಗೆ ಹೋಗಿ ಇಳಿದ ಮೇಲೆ ದಿನಾ ಎರಡೂ ಗಾಲಿ ಹತ್ತಿರ ಕೈ ಹಿಡಿದು ನೋಡುತ್ತೇನೆ, ಎರಡೂ ಒಂದೇ ಥರ ಬೆಚ್ಚಗೆ. ಬಲಕ್ಕೆ ಎಳೆಯುವುದು ನಿಂತಿದೆ. ಘಾಟಿಗೆ ಇನ್ನೂ ಹೋಗಿಲ್ಲ. ದೊಡ್ಡಪ್ಪ ಬರುವುದಿಲ್ಲವಂತೆ.

ಒಂದು ಎಡವಟ್ಟು ಆಯಿತು. ಪಾನಾ ಅಣ್ಣ ಬಕೆಟ್ ಇಟ್ಟುಕೋ ಅಂದಿದ್ದರು, ಇಟ್ಟಿದ್ದೆ, ಗಾಡಿ ಮೇಲೆ ಒಂದು ಹನಿ ಬೀಳಲಿಲ್ಲ. ಆದರೆ ಹಳೇ ಆಯಿಲ್ ಬಾಟಲಿಯನ್ನು ಅಪ್ಪನ ಸ್ಕೂಟರ್ ಮುಂದಿನ ಮಡ್‌ಗಾರ್ಡ್ ಮೇಲೆ ಇಟ್ಟು ಕೈ ತೊಳೆಯೋಕೆ ಹೋದೆ. ಬಾಟಲಿ ಬುಡ ಒದ್ದೆ ಇತ್ತು. ಬೆಳಿಗ್ಗೆ ನೋಡಿದರೆ ಬಾಟಲಿ ಅಳತೆಯ ಒಂದು ಉಂಗುರ, ಬಣ್ಣ ಸುಲಿದು ಒಳಗಿನ ತಗಡು ಕಾಣುತ್ತಿದೆ. ಅಪ್ಪ ಇನ್ನೂ ನೋಡಿಲ್ಲ, ಶುಕ್ರವಾರ ಊರಿಂದ ಬರುತ್ತಾರೆ. ಬಳ್ಳಾರಿಯಲ್ಲಿ ಹಳೇ ಸ್ಕೂಟರಿನ ತಿಳಿ ನೀಲಿ ಬಣ್ಣ ಸರಿಯಾಗಿ ಹೊಂದಿಸಿ ಕೊಡುವವರು ಯಾರಾದರೂ ಇದ್ದಾರಾ?

ಗ್ಯಾರೇಜ್ ಹುಡುಗ (ಗಂಗಾವತಿ):

ಆ ಮಡ್‌ಗಾರ್ಡ್ ಬಿಚ್ಚಿ ಬಸ್ಸಿಗೆ ಹಾಕಿ ಕಳಿಸಿ ಸರ್, ಗುರುವಾರದೊಳಗೆ ಹೊಡೆಸಿ ವಾಪಸ್ ಕಳಿಸುತ್ತೇನೆ. ಹಳೇ ಆಯಿಲನ್ನು ಗಟಾರಕ್ಕೆ ಸುರಿಯಬೇಡಿ, ಬಾಟಲಿ ಮುಚ್ಚಿ ಯಾವುದಾದರೂ ಗ್ಯಾರೇಜಿನಲ್ಲಿ ಕೊಡಿ. ಈ ಸಲ ನೆಲದ ಮೇಲೆ ಇಡಿ.